ಸೂರು ಮುಟ್ಟಿದ ಕಡ್ಡಿಗಿಡ

ಕೂಟಗಲ್ ಸೀಮೆಯ ಹಿಪ್ಪುನೇರಳೆ ತೋಟದಲ್ಲಿ ಗಿಡ ಆಳೆತ್ತರಕ್ಕೆ ಬರುವಷ್ಟರಲ್ಲಿ ಕುಡುಗೋಲು ಬಂದಿರುತ್ತದೆ. ಅದೇ ಗಿಡ ಕೊಟ್ಟಿಗೆಯ ಬದಿಯಲ್ಲೋ ಹಿತ್ತಲ ಗೋಡೆಯ ಪಕ್ಕದಲ್ಲೋ ಯಾರ ಕೈಗೂ ಸಿಗದೆ ಉಳಿದರೆ, ಕೆಲವೇ ವರ್ಷಗಳಲ್ಲಿ ಸೂರಿನ ಮೇಲೆ ಕೊಂಬೆ ಚಾಚಿ ಮರವಾಗಿ ನಿಲ್ಲುತ್ತದೆ. ಹಿಪ್ಪುನೇರಳೆ ಹುಟ್ಟಿನಿಂದ ಮರವೇ. ಅದನ್ನು ಪೊದೆಯಾಗಿ ಇಟ್ಟಿರುವುದು ರೈತರ ಕತ್ತರಿಕೆ.

ಕೂಟಗಲ್ ಸೇರಿದ ರಾಮನಗರ ಭಾಗಕ್ಕೆ ರೇಷ್ಮೆಗಾಗಿ ಹಿಪ್ಪುನೇರಳೆ ಬೆಳೆಯುವ ಕೆಲಸ ಹೊಸದಲ್ಲ. 'ಕಣ್ವ-2' ಎಂಬ ಹೆಸರಾಂತ ತಳಿಗೆ ಹೆಸರು ಬಂದದ್ದು ಚನ್ನಪಟ್ಟಣ ತಾಲ್ಲೂಕಿನ ಕಣ್ವದಿಂದ. ರೈತರು ಅದನ್ನು ಎಂ-5 ಎಂದೂ ಕರೆಯುತ್ತಾರೆ. ಆಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಬಂತು. ನೀರಾವರಿ ತೋಟದಲ್ಲಿ ವರ್ಷಕ್ಕೆ ಐದು ಬೆಳೆ ಸಾಮಾನ್ಯ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು 25ರಿಂದ 28 ದಿನ ಸೊಪ್ಪು ತಿನ್ನುತ್ತದೆ, ಅದರಲ್ಲಿ ಶೇ 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಎದ್ದ ಮೇಲೆ. ಆ ಹಸಿವಿನ ದಿನಗಳಿಗೆ ಸರಿಯಾಗಿ ಸೊಪ್ಪು ಬಲಿತಿರಬೇಕು. ಹಾಗಾಗಿ ಕಡ್ಡಿ ಕತ್ತರಿಸುವ ದಿನವನ್ನು ಸುಮಾರು ಎರಡು ತಿಂಗಳು ಮೊದಲೇ ಲೆಕ್ಕ ಹಾಕುತ್ತಾರೆ.

ಇಷ್ಟು ಸಲ ಬುಡಕ್ಕೆ ಕೊಯ್ದರೂ ಗಿಡ ಸಾಯುವುದಿಲ್ಲವೇಕೆ?

ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕೆಳಗಿನ ಕಣ್ಣುಗಳನ್ನು ಮಲಗಿಸಿರುತ್ತದೆ. ಕುಡಿ ಹೋದೊಡನೆ ಆ ಕಣ್ಣುಗಳು ಏಳುತ್ತವೆ. ಬೇರು ಮತ್ತು ಬೊಡ್ಡೆಯಲ್ಲಿ ಕೂಡಿಟ್ಟ ಪಿಷ್ಟವೇ ಅವುಗಳಿಗೆ ಮೊದಲ ಊಟ. ಆ ಗಂಟು ಕರಗುವುದರಿಂದಲೇ ಕತ್ತರಿಸಿದ ಮೇಲೆ ಗೊಬ್ಬರ, ನೀರು ಕೊಡಬೇಕು. ಕೊಯ್ದು ಹಾಗೇ ಬಿಟ್ಟರೆ ಗಿಡ ಸೊರಗುತ್ತದೆ.

ಮನೆ ಬದಿಯ ಗಿಡಕ್ಕೂ ಇದೇ ಪಾಠ. ಮಳೆಗಾಲದ ಮೊದಲ ಹದ ಬಿದ್ದ ಮೇಲೆ ಕತ್ತರಿಸುವುದು ಲೇಸು. ಮೊದಲು ಪೊದೆಯೊಳಗೆ ಹಕ್ಕಿಗೂಡು, ಹಾವು ಇದೆಯೇ ಎಂದು ನೋಡಬೇಕು. ಕರೆಂಟಿನ ತಂತಿ ತಾಗಿದ್ದರೆ ಬೆಸ್ಕಾಂ ಲೈನ್‌ಮನ್ ಬರುವ ತನಕ ಕೈ ಹಾಕಲೇಬಾರದು. ದಪ್ಪ ಕೊಂಬೆಗೆ ಮಚ್ಚಿಗಿಂತ ಗರಗಸ ವಾಸಿ. ಕೆಳಭಾಗದಲ್ಲಿ ಮೊದಲು ಅರ್ಧ ಕೊಯ್ದು, ಆಮೇಲೆ ಮೇಲಿಂದ ಕೊಯ್ದರೆ ಕೊಂಬೆ ತೊಗಟೆ ಸೀಳಿಕೊಂಡು ಬೀಳುವುದಿಲ್ಲ. ಗಿಡ ಕೆಡುವುದು ಹೆಚ್ಚಾಗಿ ಸೀಳಿದ ತೊಗಟೆಯಿಂದ. ಆ ಗಾಯದಲ್ಲೇ ನೀರು ನಿಂತು ಕೊಳೆರೋಗ ಒಳಹೋಗುತ್ತದೆ.

ಎಲ್ಲ ಗಿಡಕ್ಕೂ ಹಿಪ್ಪುನೇರಳೆಯ ಗಟ್ಟಿತನ ಇರುವುದಿಲ್ಲ. ದಾಸವಾಳ ತಡೆದುಕೊಳ್ಳುತ್ತದೆ. ಆದರೆ ಹಳೆಯ ಕೇಪಳವನ್ನು ಮೂರು ವರ್ಷಕ್ಕೆ ಹಂಚಿ, ಸಲಕ್ಕೆ ಮೂರನೇ ಒಂದು ಪಾಲಿನಂತೆ ತಗ್ಗಿಸುವುದು ಕ್ಷೇಮ.

ಬಿದ್ದ ರಾಶಿಯಲ್ಲಿ ಸೊಪ್ಪು ಮೇಕೆಗೆ, ಒಣಕಲು ಒಲೆಗೆ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಸಿಕ್ಕರೆ ಮೂರು-ನಾಲ್ಕು ಕಣ್ಣಿನ ತುಂಡು ಮಾಡಿ, ಒಂದು ಕಣ್ಣು ಮಣ್ಣಿನ ಮೇಲೆ ಉಳಿಯುವಂತೆ ಊರುತ್ತಾರೆ. ಈ ಸಲ ಗೋಡೆಯಿಂದ ದೂರಕ್ಕೆ.