ಕೋರ್ಟ್ ಕಮಿಷನರ್: ಕೆಲಸ ಎಲ್ಲಿಂದ ಎಲ್ಲಿಯವರೆಗೆ?

ಸಿವಿಲ್ ದಾವೆಯಲ್ಲಿ ನ್ಯಾಯಾಧೀಶರು ಪೀಠ ಬಿಟ್ಟು ಎದ್ದುಹೋಗಿ ಮಾಡಲಾಗದ ಕೆಲಸಗಳಿರುತ್ತವೆ. ಹಾಸಿಗೆ ಹಿಡಿದ ಸಾಕ್ಷಿಯ ಹೇಳಿಕೆ ಪಡೆಯಬೇಕು, ತೋಟದ ಬದು ಎಲ್ಲಿ ಹಾದಿದೆ ಎಂದು ನೋಡಿ ಬರಬೇಕು, ಪಾಲುದಾರರ ಲೆಕ್ಕ ತಾಳೆ ಹಾಕಬೇಕು, ತೀರ್ಪಿನ ಪ್ರಕಾರ ಆಸ್ತಿ ಭಾಗ ಮಾಡಬೇಕು. ಇಂಥ ಕೆಲಸವನ್ನು ಹೊರಗಿನ ಒಬ್ಬರಿಗೆ ವಹಿಸುವ ಅಧಿಕಾರವನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 75ನೇ ಕಲಂ ನ್ಯಾಯಾಲಯಕ್ಕೆ ಕೊಡುತ್ತದೆ. ಅದನ್ನು ನಡೆಸುವ ಕ್ರಮ ಆರ್ಡರ್ 26ರಲ್ಲಿದೆ. ಹೀಗೆ ನೇಮಕವಾದವರೇ ಕೋರ್ಟ್ ಕಮಿಷನರ್. ಪೊಲೀಸ್ ಕಮಿಷನರಿಗೂ ನಗರಸಭೆಯ ಕಮಿಷನರಿಗೂ ಇವರಿಗೂ ಸಂಬಂಧವಿಲ್ಲ. ಎಲ್ಲ ತಾಲ್ಲೂಕು ಕೋರ್ಟುಗಳಂತೆ ನಮ್ಮ ಭಾಗದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಸಾಮಾನ್ಯವಾಗಿ ಈ ಕೆಲಸ ಬರುವುದು ಸ್ಥಳೀಯ ವಕೀಲರಿಗೆ. ಇವರು ಸಂಬಳದ ನೌಕರರಲ್ಲ. ಆ ದಾವೆಯಲ್ಲಿ ಯಾರ ವಕಾಲತ್ತನ್ನೂ ಹಾಕಿದವರಲ್ಲ. ಒಂದು ಆದೇಶ, ಒಂದು ಕೆಲಸ, ಒಂದು ಶುಲ್ಕ, ಒಂದು ವರದಿ: ಅಲ್ಲಿಗೆ ಮುಗಿಯಿತು.

ಮೊದಲು ಸಾಕ್ಷ್ಯ ದಾಖಲಿಸಲು ಈ ನೇಮಕ ಕೆಲವು ಸಂದರ್ಭಗಳಿಗಷ್ಟೇ ಸೀಮಿತವಾಗಿತ್ತು. ಸಂಹಿತೆಗೆ ತಂದ ತಿದ್ದುಪಡಿ 2002ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಚಿತ್ರ ಬದಲಾಯಿತು. ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದ ಮೂಲಕವೇ ಸಲ್ಲಿಸಬೇಕು, ಪಾಟಿ ಸವಾಲನ್ನು ನ್ಯಾಯಾಲಯ ತಾನೇ ದಾಖಲಿಸಬಹುದು ಅಥವಾ ಕಮಿಷನರ ಮೂಲಕ ದಾಖಲಿಸಿಕೊಳ್ಳಬಹುದು ಎಂದು ಆರ್ಡರ್ 18ರ 4ನೇ ನಿಯಮ ಹೇಳಿತು. ಅಮೆರಿಕದಲ್ಲಿ ಸ್ಟೆನೋ ಯಂತ್ರ ಹಿಡಿದು ವಕೀಲರ ಕಚೇರಿಗಳಿಗೆ ಹೋಗಿ ಸಾಕ್ಷ್ಯ ದಾಖಲಿಸುವ ಸ್ವತಂತ್ರ ಕೋರ್ಟ್ ರಿಪೋರ್ಟರುಗಳು ಬಹಳ ಹಿಂದಿನಿಂದ ಇದ್ದಾರೆ. ನಮ್ಮಲ್ಲಿ ಅವರಿಗೆ ಹತ್ತಿರದವರು ಎಂದರೆ ಈ ಕಮಿಷನರುಗಳೇ. ಅಲ್ಲಿನವರು ಎದುರಿಸುವ ಪ್ರಶ್ನೆಯೇ ಇಲ್ಲೂ ಇದೆ: ಪೀಠವಿಲ್ಲದ ಕೋಣೆಯಲ್ಲಿ, ಎರಡೂ ಕಡೆಯ ಒತ್ತಡದ ನಡುವೆ, ಯಾವುದನ್ನು ಮಾಡಬೇಕು, ಯಾವುದನ್ನು ಮಾಡುವುದಿಲ್ಲ ಎನ್ನಬೇಕು? ಈ ಅಧ್ಯಾಯದ ವಾದ ಇಷ್ಟೇ. ಆ ಗಡಿಯನ್ನು ಆದೇಶದಿಂದಲೇ ಎತ್ತಿಕೊಂಡು, ಕೆಲಸ ಶುರುವಾಗುವ ಮುಂಚೆ ಎಲ್ಲರಿಗೂ ಬರೆದು ತಿಳಿಸುವ ಕಮಿಷನರರ ದಾಖಲೆಗೆ ಮಾತ್ರ ಕೋರ್ಟಿನಲ್ಲಿ ಬೆಲೆ ನಿಲ್ಲುತ್ತದೆ.

ದುಡ್ಡು ಕೊಟ್ಟವರ ಕೆಲಸವೇ?

ಕಕ್ಷಿದಾರರು ಎಡವುವ ಮೊದಲ ಜಾಗ ಇದು. ‘ಕಮಿಷನ್ ಹಾಕಿಸಿದ್ದು ನಾವು, ಫೀಸು ಕಟ್ಟಿದ್ದು ನಾವು, ಹಾಗಿದ್ದಮೇಲೆ ನಮ್ಮ ಕಡೆ ನಾಲ್ಕು ಮಾತು ಬರೆಯಬಾರದೇ?’ ಈ ಮಾತಿನ ಹಿಂದೆ ದುರುದ್ದೇಶವೇ ಇರಬೇಕೆಂದಿಲ್ಲ. ಹಣ ಕೊಟ್ಟು ಪಡೆಯುವ ಬೇರೆಲ್ಲ ಸೇವೆಯಲ್ಲೂ ಹಾಗೆಯೇ ನಡೆಯುತ್ತದೆ. ಆದರೆ ಸಂಹಿತೆ ಹಣದ ದಾರಿಯನ್ನೇ ಬೇರೆ ಮಾಡಿಟ್ಟಿದೆ. ಕಮಿಷನ್ ಹೊರಡಿಸುವ ಮುಂಚೆ ಅದರ ಖರ್ಚಿಗೆ ಸೂಕ್ತವೆನಿಸಿದ ಮೊತ್ತವನ್ನು, ಕಮಿಷನ್ ಕೇಳಿದ ಅಥವಾ ಅದರಿಂದ ಪ್ರಯೋಜನ ಪಡೆಯುವ ಪಕ್ಷ ನ್ಯಾಯಾಲಯದಲ್ಲಿ ಕಟ್ಟಬೇಕೆಂದು ಆದೇಶಿಸಲು ಆರ್ಡರ್ 26ರ 15ನೇ ನಿಯಮ ಅವಕಾಶ ಕೊಡುತ್ತದೆ. ಕಮಿಷನರರ ಸಂಭಾವನೆ ಎಷ್ಟೆಂದು ಗೊತ್ತುಮಾಡುವ ಅಧಿಕಾರವೂ ನ್ಯಾಯಾಲಯದ್ದೇ. ಹಣ ಕಕ್ಷಿದಾರರದು, ಆದರೆ ಅದು ನ್ಯಾಯಾಲಯದ ಮೂಲಕ ಹಾದು ಬರುತ್ತದೆ. ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ತೂಗುವ ಕೂಲಿ ಯಾರ ಲೆಕ್ಕಕ್ಕೆ ಬಿದ್ದರೂ ತೂಕ ಬದಲಾಗುವಂತಿಲ್ಲ. ಕಮಿಷನರರ ಸ್ಥಾನವೂ ಅಂಥದ್ದೇ. ಅಮೆರಿಕದ ಫೆಡರಲ್ ನಿಯಮಗಳು ಇದನ್ನೇ ಇನ್ನೊಂದು ಬಾಗಿಲಿನಿಂದ ಹೇಳುತ್ತವೆ: ಪಕ್ಷಗಾರರ ಸಂಬಂಧಿ, ಅವರ ನೌಕರ, ಅವರ ವಕೀಲ, ದಾವೆಯ ಫಲದಲ್ಲಿ ಹಣದ ಹಿತವಿರುವವ, ಇವರಲ್ಲಿ ಯಾರೂ ಸಾಕ್ಷ್ಯ ದಾಖಲಿಸುವ ಅಧಿಕಾರಿಯಾಗುವಂತಿಲ್ಲ. ಆದ್ದರಿಂದ ಜಮೀನು ನೋಡಲು ಹೋಗುವ ದಿನ ಒಂದು ಕಡೆಯವರ ಕಾರಿನಲ್ಲಿ ಕೂತು ಹೋಗುವುದು, ಅವರ ಮನೆಯಲ್ಲೇ ಊಟ ಮುಗಿಸುವುದು ಸಣ್ಣ ಸಂಗತಿಗಳಲ್ಲ. ವರದಿಯ ಮೇಲೆ ಆಕ್ಷೇಪಣೆ ಬರೆಯುವ ಎದುರು ವಕೀಲರಿಗೆ ಮೊದಲ ಸಾಲು ಅಲ್ಲೇ ಸಿಕ್ಕಿಬಿಡುತ್ತದೆ.

ಹೇಳಿದ್ದು, ಬರೆದದ್ದು

ಈ ಅಧ್ಯಾಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು, ಏಕೆಂದರೆ ನಿರೀಕ್ಷೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಸಾಕ್ಷಿ ಆಡಿದ ಪ್ರತಿಯೊಂದು ಮಾತೂ ಕಾಗದಕ್ಕೆ ಇಳಿಯುತ್ತದೆ ಎಂದು ಜನ ನಂಬುತ್ತಾರೆ. ಅಮೆರಿಕದ ರಿಪೋರ್ಟರ ದಾಖಲೆಯಲ್ಲಿ ಹಾಗೆಯೇ ಇಳಿಯುತ್ತದೆ: ಪ್ರಶ್ನೆ, ಉತ್ತರ, ಅರ್ಧಕ್ಕೆ ನಿಂತ ವಾಕ್ಯ ಎಲ್ಲವೂ. ನಮ್ಮ ಕೋರ್ಟುಗಳ ವಾಡಿಕೆ ಬೇರೆ. ಇಲ್ಲಿ ಪ್ರಶ್ನೆ ಮತ್ತು ಉತ್ತರವನ್ನು ಬೆಸೆದು, ಸಾಕ್ಷಿಯೇ ಹೇಳಿದಂತೆ ಒಂದು ನಿರೂಪಣೆಯ ವಾಕ್ಯ ಮಾಡಿ ಟೈಪ್ ಮಾಡಿಸುತ್ತಾರೆ. ಪಾಟಿ ಸವಾಲಿನ ಪುಟಗಳಲ್ಲಿ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಮಾತು ಸಾಲುಸಾಲಾಗಿ ಬರುವುದು ಇದರಿಂದಲೇ. ಸಮಯ ಉಳಿಸುವ, ಓದಲು ಸುಲಭವಾದ, ಬಹು ಜಾಣ ವಾಕ್ಯರಚನೆ ಅದು! ಆದರೆ ಪ್ರಶ್ನೆ ಮತ್ತು ಉತ್ತರವನ್ನು ಬೆಸೆಯುವ ಆ ಒಂದು ಗಳಿಗೆಯಲ್ಲಿ ಬರೆಸುವವರ ಕೈಗೆ ದೊಡ್ಡ ಅಧಿಕಾರ ಬಂದಿರುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರದ, ಕೆಳಗಿನ ಅಚ್ಚುಕಟ್ಟಿನ ಒಂದು ಜಮೀನು. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಸರ್ಕಾರಿ ಕಾಲುವೆ’ ಎಂದಿದೆ. ದಾವೆಯ ಜಮೀನು ಅದೇ ಹೌದೋ ಅಲ್ಲವೋ ಎಂಬುದೇ ವ್ಯಾಜ್ಯ. ವಕೀಲರು ಕೇಳುತ್ತಾರೆ: ‘ನಿಮ್ಮ ಜಮೀನಿನ ಪೂರ್ವಕ್ಕೆ ಕಾಲುವೆ ಇದೆ, ಹೌದಲ್ಲವೇ?’ ಸಾಕ್ಷಿ: ‘ಐತೆ ಸ್ವಾಮಿ. ಅದು ನಾವೇ ತೋಡ್ಕಂಡಿದ್ದು, ಸರ್ಕಾರದ್ದಲ್ಲ.’ ಕಾಗದದಲ್ಲಿ ‘ನನ್ನ ಜಮೀನಿನ ಪೂರ್ವಕ್ಕೆ ಕಾಲುವೆ ಇದೆ ಎಂದರೆ ಸರಿ’ ಎಂದಷ್ಟೇ ಬಂದರೆ ಅದರಲ್ಲಿ ಒಂದು ಸುಳ್ಳು ಪದವೂ ಇಲ್ಲ. ಆದರೂ ಸಾಕ್ಷಿ ಎದುರು ಪಕ್ಷದ ಚಕ್ಕುಬಂದಿಯನ್ನು ಒಪ್ಪಿಕೊಂಡಂತಾಯಿತು. ಸರಿಯಾದ ದಾಖಲೆ ಮುಂದಿನ ವಾಕ್ಯವನ್ನೂ ಹಿಡಿಯುತ್ತದೆ: ‘ಆ ಕಾಲುವೆಯನ್ನು ತಾವೇ ತೋಡಿಕೊಂಡಿದ್ದು, ಅದು ಸರ್ಕಾರದ್ದಲ್ಲ ಎಂದು ಸಾಕ್ಷಿ ಸ್ವತಃ ಮುಂದುವರಿದು ಹೇಳುತ್ತಾರೆ.’ ವಾಕ್ಯ ಮಾಡಿದರೆ ಅರ್ಥ ಕೆಡುತ್ತದೆ ಎನಿಸುವ ಕಡೆ ನಿರ್ದಿಷ್ಟ ಪ್ರಶ್ನೆಯನ್ನೂ ಉತ್ತರವನ್ನೂ ಇದ್ದ ಹಾಗೆಯೇ ಬರೆಯಲು ಆರ್ಡರ್ 18ರ 10ನೇ ನಿಯಮ ಅವಕಾಶ ಕೊಟ್ಟಿದೆ. ಕೊನೆಗೆ ಎಲ್ಲವನ್ನೂ ಸಾಕ್ಷಿಗೆ ಓದಿ ಹೇಳಬೇಕು. ‘ಓದಿ ಹೇಳಿ ಕೇಳಲಾಗಿ ಸರಿ ಇದೆ’ ಎಂಬ ಸಾಲನ್ನು ನಿಜವಾಗಿ ಓದಿ ಹೇಳದೆಯೇ ಟೈಪ್ ಮಾಡಿ ಸಹಿ ಹಾಕಿಸುವುದು ಇಡೀ ಕೆಲಸಕ್ಕೆ ಮಾಡುವ ಮೋಸ.

ಹಾಗಾದರೆ ಕಮಿಷನರರಿಂದ ಸಾಕ್ಷಿ ಏನನ್ನು ನಿರೀಕ್ಷಿಸಬಹುದು? ತಾನು ಹೇಳಿದ್ದರ ತಿರುಳು, ಅದರ ಷರತ್ತುಗಳೊಂದಿಗೆ, ತನ್ನೆದುರೇ ಬರೆಯಲ್ಪಟ್ಟು ಓದಿ ಹೇಳಲ್ಪಡುವುದನ್ನು. ವಕೀಲರು ಏನನ್ನು ನಿರೀಕ್ಷಿಸುವಂತಿಲ್ಲ? ತಮ್ಮ ಪ್ರಶ್ನೆಗೆ ತಮಗೆ ಬೇಕಾದ ಆಕಾರದ ಉತ್ತರವನ್ನು. ಪ್ರಶ್ನೆಯ ಬಗ್ಗೆ ತಕರಾರು ಎದ್ದರೆ ಕಮಿಷನರು ತೀರ್ಪು ಕೊಡಲು ಹೋಗಬಾರದು. ಪ್ರಶ್ನೆ, ಉತ್ತರ, ಆಕ್ಷೇಪ, ಆಕ್ಷೇಪಿಸಿದವರ ಹೆಸರು ಇಷ್ಟನ್ನೂ ಬರೆದುಕೊಂಡು ಮುಂದೆ ಹೋಗಬೇಕು, ತೀರ್ಮಾನ ನ್ಯಾಯಾಲಯದ್ದು. ಹೇಳದಿರುವ ವಿಶೇಷ ಹಕ್ಕಿನ ನೆಲೆಯಲ್ಲಿ ಆಕ್ಷೇಪ ಬಂದರೆ ಮಾತ್ರ ಉತ್ತರವನ್ನು ಬರೆದುಕೊಳ್ಳುವಂತಿಲ್ಲ. ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯವೆನಿಸಿದ್ದನ್ನು ಟಿಪ್ಪಣಿ ಮಾಡಬಹುದು. ಆದರೆ ಸಾಕ್ಷಿ ತಿರುಗಿಬಿದ್ದಿದ್ದಾನೆಂದು ಘೋಷಿಸಿ, ಕರೆತಂದ ಪಕ್ಷಕ್ಕೇ ಪಾಟಿ ಸವಾಲಿಗೆ ಅನುಮತಿ ಕೊಡುವ ಅಧಿಕಾರ ಕಮಿಷನರಿಗಿಲ್ಲ, ಅದಕ್ಕೆ ನ್ಯಾಯಾಲಯದ ಅನುಮತಿಯೇ ಬೇಕು ಎಂದು ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪಷ್ಟಪಡಿಸಿತು. ತಿದ್ದುಪಡಿಗಳನ್ನು ಎತ್ತಿಹಿಡಿದ ನ್ಯಾಯಾಲಯವೇ ಈ ಮಿತಿಯನ್ನೂ ಹಾಕಿರುವುದನ್ನು ಗಮನಿಸಬೇಕು.

ಕಂಡದ್ದು, ಊಹಿಸಿದ್ದು

ಸ್ಥಳ ಪರಿಶೀಲನೆಯಲ್ಲಿ ಇದೇ ಗಡಿ ಬೇರೆ ವೇಷದಲ್ಲಿ ಬರುತ್ತದೆ. ಬಾಂದು ಕಲ್ಲು ಇದೆಯೋ ಇಲ್ಲವೋ, ಬದುವಿನ ಮೇಲೆ ಎಷ್ಟು ತೆಂಗಿನ ಮರಗಳಿವೆ, ಸರ್ವೆಯರ್ ಅಳತೆಯ ಪ್ರಕಾರ ಒತ್ತುವರಿ ಎಷ್ಟು ಗುಂಟೆ, ಇವು ಕಮಿಷನರ ವರದಿಗೆ ಸಲ್ಲುವ ಸಂಗತಿಗಳು. ಜಮೀನು ಯಾರ ಸ್ವಾಧೀನದಲ್ಲಿದೆ ಎಂಬುದು ಸಲ್ಲದು. ಅದನ್ನು ಪಕ್ಷಗಾರರು ಸಾಕ್ಷ್ಯದಿಂದ ಸಾಬೀತು ಮಾಡಬೇಕು, ಅದನ್ನು ಪತ್ತೆ ಮಾಡಲು ಕಮಿಷನ್ ಹೊರಡಿಸುವಂತಿಲ್ಲ ಎಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಕಂಡದ್ದಕ್ಕೂ ಊಹೆಗೂ ಇರುವ ಅಂತರ ನಮ್ಮ ಭಾಗದಲ್ಲಿ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ವಾಣಿವಿಲಾಸ ಸಾಗರವೇ ಸಾಕ್ಷಿ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಹೊಸದುರ್ಗ ತಾಲ್ಲೂಕಿನ ಕಡೆ ಹಿನ್ನೀರಿನ ಅಂಚಿನಲ್ಲಿರುವ ಒಂದು ಜಮೀನನ್ನು ಒಣ ವರ್ಷದಲ್ಲಿ ನೋಡಿದ ಕಮಿಷನರು ‘ಈ ದಿನ ಜಮೀನಿನಲ್ಲಿ ನೀರಿಲ್ಲ’ ಎಂದು ಬರೆದಿದ್ದರೆ ಆ ವಾಕ್ಯ ಇಂದಿಗೂ ನಿಜ. ‘ಈ ಜಮೀನಿಗೆ ಹಿನ್ನೀರು ಬರುವುದಿಲ್ಲ’ ಎಂದು ಬರೆದಿದ್ದರೆ ಒಂದೇ ಮಳೆಗಾಲ ಅದನ್ನು ಅಳಿಸಿಹಾಕುತ್ತಿತ್ತು. ಕಮಿಷನರರ ವರದಿಯೂ ಅವರು ಪಡೆದ ಹೇಳಿಕೆಗಳೂ ದಾವೆಯ ದಾಖಲೆಯ ಭಾಗವಾಗುತ್ತವೆ, ಬೇಕೆಂದರೆ ಕಮಿಷನರರನ್ನೇ ಕಟಕಟೆಗೆ ಕರೆದು ಪ್ರಶ್ನಿಸಬಹುದು ಎಂದು ಆರ್ಡರ್ 26ರ 10ನೇ ನಿಯಮ ಹೇಳುತ್ತದೆ. ಅಲ್ಲಿ ನಿಂತು ಉತ್ತರಿಸಲಾಗದ ಒಂದು ವಾಕ್ಯವೂ ವರದಿಯಲ್ಲಿರಬಾರದು.

ಮೊದಲ ನೋಟಿಸಿನಲ್ಲೇ

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡರೆ ಸಾಲದು, ಹೇಳಬೇಕು. ಕಮಿಷನ್ ವಾರಂಟ್ ಕೈಸೇರಿದ ಮೇಲೆ ಎರಡೂ ಕಡೆಯ ವಕೀಲರಿಗೆ ಹೋಗುವ ಮೊದಲ ನೋಟಿಸೇ ಅದಕ್ಕೆ ತಕ್ಕ ಜಾಗ. ದಿನ, ಹೊತ್ತು, ಜಾಗ ಇವಂತೂ ಇರಲೇಬೇಕು. ಅದರ ಜೊತೆಗೆ ಆದೇಶದಲ್ಲಿ ವಹಿಸಿದ ಕೆಲಸವನ್ನು ಆದೇಶದ ಮಾತಿನಲ್ಲೇ ಎತ್ತಿ ಬರೆಯಬೇಕು. ಪಕ್ಷಗಾರರು ಸೂಚನೆಗಳನ್ನು ಮೆಮೊ ಮೂಲಕವೇ, ಎದುರು ಪಕ್ಷಕ್ಕೆ ಪ್ರತಿ ಕೊಟ್ಟು ಸಲ್ಲಿಸಬೇಕು. ಫೋನಿನಲ್ಲಿ ಒಂದು ಕಡೆಯವರ ಜೊತೆ ದಾವೆಯ ಮಾತಿಲ್ಲ. ಆದೇಶದಲ್ಲಿಲ್ಲದ್ದನ್ನು ನೋಡಬೇಕಾದರೆ ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಒಂದು ಕಡೆಯವರು ಬಾರದಿದ್ದರೂ ಕೆಲಸ ನಡೆಯುತ್ತದೆ ಎಂದು ತಿಳಿಸಬೇಕು. ಸಾಕ್ಷ್ಯ ದಾಖಲಿಸುವ ಕಮಿಷನರು 60 ದಿನಗಳಲ್ಲಿ ವರದಿ ಸಲ್ಲಿಸಬೇಕು. ಅದನ್ನು ವಿಸ್ತರಿಸುವುದು ನ್ಯಾಯಾಲಯ ಮಾತ್ರ. ವಕೀಲರು ವಾಯಿದೆ ಕೇಳಿದಾಗಲೆಲ್ಲ ತಲೆಯಾಡಿಸಿದರೆ ಆ ಗಡುವು ಕರಗುತ್ತದೆ, ಕರಗಿದ್ದಕ್ಕೆ ಉತ್ತರ ಹೇಳಬೇಕಾದವರು ಕಮಿಷನರು. ಆದ್ದರಿಂದ ಕೇಳಿದ ವಾಯಿದೆಯನ್ನೂ ಕೇಳಿದವರ ಹೆಸರನ್ನೂ ದಿನಚರಿಯಲ್ಲಿ ಬರೆದಿಡುವುದು ಕ್ಷೇಮ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಎದುರು ವಕೀಲರು ನಾಳೆ ನಮ್ಮ ಸೀನಿಯರ್ ಆಗಬಹುದು, ಹೀಗೆಲ್ಲ ಕಾಗದ ಬರೆದರೆ ಮುಖ ಮುರಿದಂತಾಗುವುದಿಲ್ಲವೇ? ಆಗಬಹುದು. ಆದರೆ ಪರಿಚಯ ಹೆಚ್ಚಿದ್ದಲ್ಲೇ ಬರಹ ಹೆಚ್ಚು ಬೇಕು. ಬಾಯಲ್ಲಿ ‘ಆಗುವುದಿಲ್ಲ ಸಾರ್’ ಎನ್ನುವುದು ಕಿರಿಯ ವಕೀಲರಿಗೆ ಕಷ್ಟ; ಎಲ್ಲರಿಗೂ ಒಂದೇ ನೋಟಿಸ್ ಹೋಗಿದ್ದರೆ ಆ ಮಾತನ್ನು ಕಾಗದವೇ ಆಡಿರುತ್ತದೆ, ಯಾರಿಗೂ ಪ್ರತ್ಯೇಕವಾಗಿ ಅವಮಾನವಾಗುವುದಿಲ್ಲ. ಎರಡನೆಯದು ಶುಲ್ಕದ್ದು: ಇಷ್ಟು ಕಡಿಮೆ ಹಣಕ್ಕೆ ಇಷ್ಟೆಲ್ಲ ಕಟ್ಟುಪಾಡೇ? ಈ ಅಳಲಿನಲ್ಲಿ ಹುರುಳಿದೆ. ಟೈಪಿಂಗ್, ಪ್ರಯಾಣ, ಕಳೆದುಹೋದ ದಿನಗಳನ್ನು ಲೆಕ್ಕ ಹಾಕಿದರೆ ಕೈಯಲ್ಲಿ ಉಳಿಯುವುದು ಹೆಚ್ಚೇನಿಲ್ಲದಿರಬಹುದು. ಪರಿಹಾರ ಮಾತ್ರ ಹೆಚ್ಚುವರಿ ಶುಲ್ಕಕ್ಕೆ ನ್ಯಾಯಾಲಯಕ್ಕೆ ಮೆಮೊ ಹಾಕುವುದು. ಕಕ್ಷಿದಾರರ ಕೈಯಿಂದ ‘ಖರ್ಚಿಗೆ’ ಎಂದು ತೆಗೆದುಕೊಂಡ ಚಿಕ್ಕ ಮೊತ್ತವೂ ದೊಡ್ಡ ವರದಿಯನ್ನು ಕೆಡಿಸಬಲ್ಲದು. ಮೂರನೆಯದು ಯಂತ್ರದ್ದು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳನ್ನು ಕೃತಕ ಬುದ್ಧಿಮತ್ತೆಯಿಂದ ಅಕ್ಷರಕ್ಕಿಳಿಸಲು ಶುರುಮಾಡಿದರು. ಇನ್ನು ಕಮಿಷನರು ಏಕೆ? ಯಂತ್ರದ ಮೂಲಕ ಸಾಕ್ಷ್ಯ ದಾಖಲಿಸಲು ಸಂಹಿತೆಯಲ್ಲೇ ಅವಕಾಶವಿದೆ, ಅದು ಬಂದರೆ ‘ಎಂದರೆ ಸರಿ’ಯ ಬಾಲ ಕತ್ತರಿಸುವುದು ತಪ್ಪೀತು. ಆದರೆ ಸಾಕ್ಷಿಗೆ ಪ್ರಶ್ನೆ ಅರ್ಥವಾಯಿತೇ, ಪಕ್ಕದಲ್ಲಿ ಕೂತವರು ಸನ್ನೆ ಮಾಡಿದರೇ, ಆಕ್ಷೇಪ ಯಾವ ನೆಲೆಯದು ಎಂದು ನೋಡಿ ಬರೆಯುವ ಹೊಣೆ ಮನುಷ್ಯರದೇ.

ಒಟ್ಟಿನಲ್ಲಿ, ಆದೇಶದಷ್ಟೇ ಕೆಲಸ, ಕಂಡಷ್ಟೇ ಬರಹ, ನ್ಯಾಯಾಲಯ ಗೊತ್ತುಮಾಡಿದಷ್ಟೇ ಹಣ, ಗಡುವಿನೊಳಗೆ ವರದಿ. ಕಲಿಯಬೇಕಾದದ್ದು ಇನ್ನೂ ಬಹಳ ಉಳಿದಿದೆ. ಕನ್ನಡ ಸಾಕ್ಷ್ಯದ ವಾಕ್ಯಗಳನ್ನು ಭಾಷೆ ಬಲ್ಲವರೂ ಕಾನೂನು ಬಲ್ಲವರೂ ಒಟ್ಟಿಗೆ ಕೂತು ಓದಬೇಕು. ನಮ್ಮ ಸೀಮೆಯ ಮಾತು ಕೋರ್ಟಿನ ಗ್ರಾಂಥಿಕ ಕನ್ನಡಕ್ಕೆ ಹೊರಳುವಾಗ ಏನು ಉಳಿಯುತ್ತದೆ, ಏನು ಉದುರುತ್ತದೆ ಎಂದು ಗುರುತಿಸುವುದು ಕಾನೂನು ಕಾಲೇಜಿನ ವಿದ್ಯಾರ್ಥಿಗೂ ಕನ್ನಡ ಎಂ.ಎ. ವಿದ್ಯಾರ್ಥಿಗೂ ಸಮಾನವಾಗಿ ಒದಗುವ ಸಂಶೋಧನೆಯ ವಿಷಯ. ಆಸಕ್ತರು ಮೊದಲು ಆರ್ಡರ್ 18 ಮತ್ತು 26ನ್ನು ಮೂಲದಲ್ಲೇ ಓದಲಿ. ಆಮೇಲೆ ಯಾವುದಾದರೂ ತೆರೆದ ನ್ಯಾಯಾಲಯದಲ್ಲಿ ಒಂದು ಮಧ್ಯಾಹ್ನ ಪಾಟಿ ಸವಾಲು ಕೇಳುತ್ತಾ ಕೂತು, ಸಾಕ್ಷಿ ಆಡಿದ ಮಾತನ್ನೂ ಬರೆಸಿದ ವಾಕ್ಯವನ್ನೂ ಮನಸ್ಸಿನಲ್ಲೇ ತಾಳೆ ನೋಡಲಿ. ಆ ಅಭ್ಯಾಸವಾದವರು ಮುಂದೆ ಕಮಿಷನರಾದರೆ ಕಕ್ಷಿದಾರರಿಗೂ ನ್ಯಾಯಾಲಯಕ್ಕೂ ಲಾಭ.