ಹಿಮದ ಮೇಲಿನ ಕೆರೆಗೆ ಆಳವೆಷ್ಟು?

೨೦೦೬ನೆಯ ಇಸವಿಯ ಜುಲೈ ತಿಂಗಳಲ್ಲಿ ಒಂದು ಕೆರೆ ಕಣ್ಮರೆಯಾಯಿತು. ಅದು ಕೋಡಿ ಹರಿದು ಬರಿದಾಗಲಿಲ್ಲ. ಬಿಸಿಲಿಗೆ ಬತ್ತಲೂ ಇಲ್ಲ. ಐದೂವರೆ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದ್ದ ಆ ನೀರಿನ ಬಹುಭಾಗ ಒಂದೂವರೆ ಗಂಟೆಯೊಳಗೆ ತಳದ ಬಿರುಕಿನಲ್ಲಿ ಇಳಿದುಹೋಯಿತು. ಅದರ ರಭಸ ನಯಾಗರಾ ಜಲಪಾತದ ಪ್ರವಾಹವನ್ನೂ ಮೀರಿಸಿತ್ತು.

ಈ ಕೆರೆಯಿದ್ದುದು ನೆಲದ ಮೇಲಲ್ಲ. ಪಶ್ಚಿಮ ಗ್ರೀನ್‌ಲೆಂಡಿನಲ್ಲಿ, ಸುಮಾರು ಒಂದು ಕಿಲೋಮೀಟರು ದಪ್ಪದ ಮಂಜುಗಡ್ಡೆಯ ಮೇಲೆ. ಸಾರಾ ದಾಸ್ ಮತ್ತು ಇಯಾನ್ ಜೌಗಿನ್ ಎಂಬ ವಿಜ್ಞಾನಿಗಳು ಅಲ್ಲಿ ಉಪಕರಣಗಳನ್ನು ಹೂಡಿ ಹಿಂದಿರುಗಿದ್ದುದರಿಂದ ಈ ಸಂಗತಿ ಲೋಕಕ್ಕೆ ತಿಳಿಯಿತು. ನೀರು ಅಡಿಗೆ ನುಗ್ಗಿದಾಗ ಆ ಹಿಮರಾಶಿಯೇ ಒಂದು ಮೀಟರಿಗೂ ಹೆಚ್ಚು ಮೇಲೆದ್ದಿತ್ತು! ಆ ಹೊತ್ತಿನಲ್ಲಿ ನಡುಕೆರೆಯಲ್ಲಿ ಯಾರಾದರೂ ದೋಣಿಯಲ್ಲಿದ್ದಿದ್ದರೆ ಅವರ ಗತಿಯೇನು ಎಂದು ಊಹಿಸಲೂ ಮನಸ್ಸು ಹಿಂಜರಿಯುತ್ತದೆ.

ಬೇಸಗೆಯ ಬಿಸಿಲಿಗೆ ಹಿಮ ಕರಗಿ, ತಗ್ಗುಗಳಲ್ಲಿ ನೀಲಿಯ ಕೆರೆಗಳು ತುಂಬುತ್ತವೆ. ನೋಡಲು ಬಲು ಚೆಲುವು. ಆದರೆ ಷರಬತ್ತಿನ ಲೋಟದಲ್ಲಿ ಮಂಜುಗಡ್ಡೆ ತೇಲುವುದನ್ನು ಎಲ್ಲರೂ ಕಂಡಿದ್ದೇವೆ. ಅದಕ್ಕಿಂತ ನೀರಿಗೇ ತೂಕ ಹೆಚ್ಚು. ಬಿರುಕಿನಲ್ಲಿ ತುಂಬಿದ ನೀರು ಬೆಣೆಯಂತೆ ಅದನ್ನು ಸೀಳುತ್ತ ಕೆಳಗಿಳಿಯುತ್ತದೆ. ಮೇಲಿನಿಂದ ನೀರು ಒದಗುತ್ತಿರುವವರೆಗೆ ಸೀಳು ನಿಲ್ಲುವುದಿಲ್ಲ. ನೆಲವನ್ನು ಮುಟ್ಟಿದ ನೀರು ಹಿಮದ ಅಡಿಯನ್ನು ಜಾರುವಂತೆ ಮಾಡುತ್ತದೆ.

ಅಂಟಾರ್ಕ್ಟಿಕದಲ್ಲಿ ಇದಕ್ಕಿಂತ ದೊಡ್ಡ ಅನಾಹುತವೊಂದು ನಡೆದುಹೋಗಿದೆ. ಅಲ್ಲಿ ಕಡಲಿನ ಮೇಲೆ ಚಾಚಿ ತೇಲುತ್ತಿದ್ದ ಲಾರ್ಸೆನ್-ಬಿ ಎಂಬ ಹಿಮದ ಹಲಗೆಯ ಮೈಮೇಲೆ ಸಾವಿರಾರು ಹೊಂಡಗಳು ತುಂಬಿದ್ದುವು. ೨೦೦೨ರ ಆರಂಭದಲ್ಲಿ, ಐದಾರು ವಾರಗಳೊಳಗೆ, ಅದರ ೩,೨೫೦ ಚದರ ಕಿಲೋಮೀಟರು ಒಡೆದು ಚೂರಾಯಿತು. ಅದು ಒತ್ತಿ ಹಿಡಿದಿದ್ದ ಹಿಮನದಿಗಳು ಆಮೇಲೆ ಹೆಚ್ಚಿನ ವೇಗದಿಂದ ಕಡಲಿಗೆ ಸರಿಯತೊಡಗಿದವು.

ಆದುದರಿಂದ ಕೆರೆಯ ಹರವನ್ನು ತಿಳಿದರೆ ಸಾಲದು; ಆಳವೂ ಬೇಕು. ಉಪಗ್ರಹದ ಛಾಯಾಚಿತ್ರದಲ್ಲಿ ಹರವು ಸುಲಭವಾಗಿ ಸಿಗುತ್ತದೆ. ಆಳವನ್ನು ಮಾತ್ರ ಬಣ್ಣದಿಂದ ಊಹಿಸಬೇಕಾಗಿತ್ತು: ನೀಲಿ ಗಾಢವಾದಷ್ಟೂ ಆಳ ಹೆಚ್ಚು. ಈ ಊಹೆಯನ್ನು ಒರೆಗೆ ಹಚ್ಚಲೆಂದು ೨೦೧೦ರಲ್ಲಿ ಮಾರ್ಕೋ ಟೆಡೆಸ್ಕೊ ಮತ್ತು ಸಂಗಡಿಗರು ಗ್ರೀನ್‌ಲೆಂಡಿನ ಕೆರೆಯೊಂದರಲ್ಲಿ ಆಳುಗಳಿಲ್ಲದ ಪುಟ್ಟ ದೋಣಿಯನ್ನು ದೂರದಿಂದಲೇ ನಡೆಸಿದರು. ಜಾಣತನದ ಕೆಲಸವೇ ಸರಿ. ಆದರೆ ಸಾವಿರಾರು ಕೆರೆಗಳಿಗೆ ದೋಣಿ ಇಳಿಸುವುದು ಆಗುವ ಮಾತೇ?

೨೦೧೮ರ ಸೆಪ್ಟೆಂಬರ್ ೧೫ರಂದು ಅಮೆರಿಕದ ನಾಸಾ ಸಂಸ್ಥೆ ಐಸ್‌ಸ್ಯಾಟ್-೨ ಎಂಬ ಉಪಗ್ರಹವನ್ನು ಹಾರಿಸಿತು. ಸುಮಾರು ೫೦೦ ಕಿಲೋಮೀಟರು ಎತ್ತರದಿಂದ ಅದು ಸೆಕೆಂಡಿಗೆ ಹತ್ತು ಸಾವಿರ ಸಲ ಹಸುರು ಲೇಸರ್ ಬೆಳಕನ್ನು ಮಿಡಿಯುತ್ತದೆ. ಒಂದೊಂದು ಮಿಡಿತದಲ್ಲಿಯೂ ಲಕ್ಷ ಕೋಟಿಗಟ್ಟಲೆ ಬೆಳಕಿನ ಕಣಗಳು ಹೊರಟರೆ, ಮರಳಿ ಬರುವುವು ಹತ್ತು ಹನ್ನೆರಡು. ಅವು ಹೋಗಿ ಬಂದ ಕಾಲವನ್ನು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದವರೆಗೆ ಎಣಿಸಿ ದೂರವನ್ನು ಗೊತ್ತುಮಾಡುತ್ತಾರೆ.

ಹಸುರು ಬೆಳಕು ತಿಳಿನೀರನ್ನು ಹೊಕ್ಕು ಹೋಗಬಲ್ಲದು. ಕೆಲವು ಕಣಗಳು ನೀರಿನ ಮೇಲ್ಮೈಯಿಂದಲೇ ಹಿಂದಿರುಗುತ್ತವೆ. ಕೆಲವು ತಳದ ಹಿಮವನ್ನು ಮುಟ್ಟಿ ತುಸು ತಡವಾಗಿ ಬರುತ್ತವೆ. ಆ ತಡವೇ ಆಳದ ಅಳತೆ. ಇಲ್ಲೊಂದು ಸ್ವಾರಸ್ಯವಿದೆ. ತುಂಬಿದ ಬಾವಿಯನ್ನು ಇಣಿಕಿ ನೋಡುವವರಿಗೆ ತಳ ಮೇಲೆದ್ದಂತೆ ತೋರುವುದಷ್ಟೆ. ಗಡಿಯಾರ ಹಿಡಿದು ಕುಳಿತ ಉಪಗ್ರಹಕ್ಕೆ ಆಗುವ ಮೋಸ ಇದಕ್ಕೆ ತದ್ವಿರುದ್ಧ! ನೀರಿನಲ್ಲಿ ಬೆಳಕಿನ ನಡಿಗೆ ನಿಧಾನವಾದುದರಿಂದ ಆರು ಮೀಟರು ಆಳದ ತಳ ಎಂಟು ಮೀಟರು ಕೆಳಗಿರುವಂತೆ ಲೆಕ್ಕಕ್ಕೆ ಬರುತ್ತದೆ. ಅದನ್ನು ತಿದ್ದಿಕೊಳ್ಳಬೇಕು.

೨೦೧೯ರ ಜನವರಿ ೨ರಂದು ಈ ಉಪಗ್ರಹ ಪೂರ್ವ ಅಂಟಾರ್ಕ್ಟಿಕದ ಏಮರಿ ಹಿಮಹಲಗೆಯ ಮೇಲೆ ಹಾದುಹೋಯಿತು. ನಮ್ಮ ದೇಶದ 'ಭಾರತಿ' ಸಂಶೋಧನಾ ಕೇಂದ್ರವಿರುವ ಪ್ರಿಡ್ಜ್ ಕೊಲ್ಲಿಗೇ ಈ ಹಲಗೆ ಚಾಚಿಕೊಂಡಿದೆ. ಹೆಲೆನ್ ಫ್ರಿಕರ್ ಮತ್ತು ಸಂಗಡಿಗರು ಅಲ್ಲಿನ ನಾಲ್ಕು ಕೆರೆಗಳನ್ನು ಪರೀಕ್ಷಿಸಿ, ೨೦೨೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಣ್ಣ ನೋಡಿ ಎಣಿಸಿದ ಆಳ ನಿಜಕ್ಕಿಂತ ನೂರಕ್ಕೆ ೩೦ರಿಂದ ೭೦ರಷ್ಟು ಕಡಿಮೆಯಾಗಿತ್ತು! ಹತ್ತು ಅಡಿ ನೀರಿದ್ದಲ್ಲಿ ಏಳಡಿ, ಇಲ್ಲವೆ ಮೂರೇ ಅಡಿ ಎಂದು ಬರೆದಿಟ್ಟಂತೆ. ಹಿಮದ ಬೆನ್ನಿನ ಮೇಲಿನ ಹೊರೆಯನ್ನು ಇಷ್ಟು ಹಗುರವಾಗಿ ಎಣಿಸಿದ ಮೇಲೆ, ಅದು ಯಾವಾಗ ಬಿರಿಯುವುದೆಂಬ ಲೆಕ್ಕವನ್ನು ನಂಬುವುದೆಂತು?

ಲೇಸರಿಗೂ ಕುಂದುಗಳಿವೆ. ದಟ್ಟ ಮೋಡವಿದ್ದರೆ ಅದು ಕುರುಡು. ಅದು ಅಳೆಯುವುದು ತಾನು ಸಾಗಿದ ಸಪುರವಾದ ಗೆರೆಗಳ ಮೇಲೆ ಮಾತ್ರ. ಅದೇ ಗೆರೆಗೆ ಮರಳಿ ಬರಲು ೯೧ ದಿನ ಬೇಕು. ಅಷ್ಟರಲ್ಲಿ ಕೆರೆಯೊಂದು ಹುಟ್ಟಿ, ತುಂಬಿ, ಬರಿದಾಗಿಯೂ ಹೋಗಬಹುದು. ಛಾಯಾಚಿತ್ರಕ್ಕಾದರೋ ಎಲ್ಲ ಕೆರೆಗಳೂ ಕಾಣುತ್ತವೆ. ಆದಕಾರಣ ವಿಜ್ಞಾನಿಗಳು ಎರಡನ್ನೂ ಜೊತೆಗೂಡಿಸುತ್ತಿದ್ದಾರೆ. ಲೇಸರ್ ಹಾದ ಕೆರೆಗಳಲ್ಲಿ ಯಾವ ನೀಲಿಗೆ ಎಷ್ಟು ಆಳವೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅದು ಹಾಯದ ಕೆರೆಗಳ ಆಳವನ್ನು ಆ ಲೆಕ್ಕದಿಂದ ತಿದ್ದಿ ಬರೆಯುತ್ತಾರೆ.