ಘಟ್ಟವೆಂದರೆ ಬೆಟ್ಟವೇ?

ಕಾಶಿಯಲ್ಲಿ ಘಾಟ್ ಎಂದರೆ ಗಂಗೆಗೆ ಇಳಿಯುವ ಮೆಟ್ಟಿಲು. ನಮ್ಮಲ್ಲಿ ಅದೇ ಪದ ಬೆಟ್ಟಸಾಲಾಗಿದ್ದು ಹೇಗೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಅರ್ಧ ಉತ್ತರ ನಿಘಂಟಿನಲ್ಲಿದೆ, ಉಳಿದರ್ಧ ಬಂಡೆಯಲ್ಲಿ.

ಸಂಸ್ಕೃತದ ‘ಘಟ್ಟ’ ಎಂದರೆ ನೀರಿಗಿಳಿಯುವ ಜಾಗ. (ತೆಲುಗಿನ ಗಟ್ಟು, ನಮ್ಮ ಕಟ್ಟೆ ತೋರಿಸಿ ಮೂಲ ದ್ರಾವಿಡದ್ದೇ ಎನ್ನುವವರೂ ಇದ್ದಾರೆ.) ಅದೇ ಮುಂದೆ ಬೆಟ್ಟ ಇಳಿಯುವ ದಾರಿಯೂ ಆಯಿತು. ಆಗುಂಬೆ ಘಾಟಿ, ಚಾರ್ಮಾಡಿ ಘಾಟಿ ಎಂದಾಗ ನಮ್ಮ ಕಣ್ಣಿಗೆ ಬರುವುದು ಶಿಖರವಲ್ಲ, ತಿರುವುಗಳ ರಸ್ತೆ. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂಬ ಮಾತು ಕೇಳಿದ ವಿದೇಶಿಯರು ಅದನ್ನು ಇಡೀ ಬೆಟ್ಟಸಾಲಿನ ಹೆಸರೆಂದು ತಿಳಿದಿರಬೇಕು ಎಂದು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಯೂಲ್ ಮತ್ತು ಬರ್ನೆಲ್ ಊಹಿಸಿದ್ದಾರೆ. ಸಹ್ಯಾದ್ರಿ ಎಂಬ ಹಳೆಯ ಹೆಸರು ಹಿಂದೆ ಸರಿಯಿತು.

ತಪ್ಪು ತಿಳಿವಳಿಕೆಯಾದರೂ ಹೆಸರು ಭೂವಿಜ್ಞಾನಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಹಿಮಾಲಯದಂತೆ ಎರಡು ಭೂಫಲಕಗಳು ಡಿಕ್ಕಿ ಹೊಡೆದು ಎದ್ದ ಪರ್ವತ ಇದಲ್ಲ. ದಖ್ಖನ್ ಪ್ರಸ್ಥಭೂಮಿಯ ಒಡೆದ ಅಂಚು. ಹಳೇ ಮನೆಯ ಎತ್ತರದ ಜಗಲಿಯಂತೆ ಎನ್ನಿ. ಒಳಗಿದ್ದವನಿಗೆ ನೆಲ ಸಮತಟ್ಟು, ಅಂಗಳದಲ್ಲಿ ನಿಂತವನಿಗೆ ಎದುರಿಗೆ ಗೋಡೆ. ಶಿವಮೊಗ್ಗದ ಕಡೆಯಿಂದ ಆಗುಂಬೆಗೆ ಬರುವವರು ದೊಡ್ಡ ಬೆಟ್ಟವನ್ನೇನೂ ಹತ್ತುವುದಿಲ್ಲ. ಉಡುಪಿಯಿಂದ ಬಂದವರಿಗೆ ಮಾತ್ರ ಅದು ಆರುನೂರು ಮೀಟರಿಗೂ ಮೀರಿದ ಎತ್ತರ. ಈ ಜಗಲಿಯ ಇಳಿಜಾರು ಒಳಮುಖ. ಹಾಗಾಗಿಯೇ ಅರಬ್ಬಿ ಸಮುದ್ರದ ಮಗ್ಗುಲಲ್ಲೇ ಹುಟ್ಟುವ ಕಾವೇರಿ ಅದಕ್ಕೆ ಬೆನ್ನು ಹಾಕಿ ಸುಮಾರು 800 ಕಿ.ಮೀ. ಹರಿದು ಬಂಗಾಳಕೊಲ್ಲಿ ಸೇರುತ್ತದೆ. ಮುಳ್ಳಯ್ಯನಗಿರಿಯಂಥ ಶಿಖರಗಳು ಜಗಲಿಯ ಮೇಲೆ ಎದ್ದು ನಿಂತಿವೆ, ಅದು ಬೇರೆ ಮಾತು.

ಅಂಚು ಒಡೆದದ್ದು ಹೇಗೆ? ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್, ಆಮೇಲೆ ಸೀಶೆಲ್ಸ್ ಭಾರತದಿಂದ ಸೀಳಿ ದೂರ ಹೋದವು. ಮೇಲೆದ್ದ ಅಂಚನ್ನು ಮಳೆ, ಹೊಳೆಗಳು ಕೊರೆಯುತ್ತ ಪೂರ್ವಕ್ಕೆ ತಳ್ಳಿದವು.

ಉತ್ತರದ ಘಟ್ಟದಲ್ಲಿ ಇನ್ನೊಂದು ಸ್ವಾರಸ್ಯ. ಅಲ್ಲಿನ ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ, ಅಂದರೆ ದಖ್ಖನ್ ಟ್ರ್ಯಾಪ್. ಈ ‘ಟ್ರ್ಯಾಪ್’ ಬಂದದ್ದು ಸ್ವೀಡಿಷ್ ಭಾಷೆಯ ‘ಟ್ರಪ್ಪ’ದಿಂದ, ಅರ್ಥ, ಮೆಟ್ಟಿಲು! ಎರಡು ಪದಗಳಿಗೂ ನಂಟೇನಿಲ್ಲ, ಕಾಕತಾಳೀಯ ಅಷ್ಟೇ. ಈ ಲಾವಾ ಮೆಟ್ಟಿಲು ಬೆಳಗಾವಿಯ ಆಸುಪಾಸಿಗೆ ಮುಗಿಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಕರ್ನಾಟಕದ ಘಟ್ಟದ ಬಹುಪಾಲು ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು.